ಅಪ್ಪನ ಸಾವನ್ನು ತನ್ನದೆಂದು ಹೇಳಿದವನು

ನನ್ನ ಅಪ್ಪ ಸತ್ತದ್ದು ಕೋಪರ್ ಮತ್ತು ದಿವಾ ಸ್ಟೇಷನ್ನುಗಳ ನಡುವೆ, ಬೆಳಗಿನ ಗರ್ದಿಯಲ್ಲಿ, ಮುಂಬೈಯ ಫಾಸ್ಟ್ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಾವು ಯಾರ ಮನೆಯದು ಎಂಬುದರ ಮೇಲೆಯೇ ಮುಂದಿನ ಜಗಳವೆಲ್ಲ ನಡೆದದ್ದು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಡೊಂಬಿವಲಿಯಿಂದ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಘಣಸೋಲಿಯ ಗಾಜಿನ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನಾವು ಹಾಸನದ ಕಡೆಯ ಕನ್ನಡ ಕ್ಯಾಥೊಲಿಕರು. ನಮ್ಮ ಚರ್ಚಿನಲ್ಲಿ ಗೋವಾದವರಿಗೆ, ಮಂಗಳೂರಿನವರಿಗೆ, ಮಲಯಾಳಿಗಳಿಗೆ, ವಸಯಿಯ ಮರಾಠಿ ಮಾತಾಡುವವರಿಗೆ ಒಂದೊಂದು ಗುಂಪಿತ್ತು. ಮನೆಯಲ್ಲಿ ಕನ್ನಡದಲ್ಲಿ ಜಪಸರ ಹೇಳುವವರೆಂದರೆ ನಾವು ಮಾತ್ರ. ಮಂಗಳೂರಿನವರು ನಮ್ಮನ್ನು ಘಟ್ಟದ ಮೇಲಿನವರು ಎಂದು ಕರೆದು, ಪ್ರೀತಿಯಿಂದಲೇ, ಸ್ವಲ್ಪ ದೂರದಲ್ಲಿ ಕೂರಿಸುತ್ತಿದ್ದರು.

ಅಪ್ಪ ಹೋದಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ರೈಲ್ವೆ ಪೊಲೀಸರು ಮಧ್ಯಾಹ್ನದ ಹೊತ್ತಿಗೆ ಅಪ್ಪನ ಚೀಲವನ್ನು ಅಮ್ಮನ ಕೈಗೆ ಕೊಟ್ಟರು. ದೇಹ ಇನ್ನೂ ಆಸ್ಪತ್ರೆಯಲ್ಲಿತ್ತು, ಕಾಗದಪತ್ರ ಮುಗಿದಿರಲಿಲ್ಲ. ಚೀಲಕ್ಕೆ ಏನೂ ಆಗಿರಲಿಲ್ಲ. ಒಳಗಿದ್ದ ಊಟದ ಡಬ್ಬಿಯ ಮುಚ್ಚಳ ಕೂಡ ಸಡಿಲವಾಗಿರಲಿಲ್ಲ. ಮನೆಗೆ ಬಂದ ಮೇಲೆ, ಹೊರಗಿನ ಕೋಣೆಯಲ್ಲಿ ಅಕ್ಕಪಕ್ಕದ ಹೆಂಗಸರು ಕೂತಿದ್ದಾಗ, ಅಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು. ನಾನು ಸಂದಿಯಿಂದ ನೋಡಿದೆ. ಅವಳು ನಿಂತುಕೊಂಡೇ ಅಪ್ಪನ ಡಬ್ಬಿ ಬಿಚ್ಚಿ, ಬೆಳಿಗ್ಗೆ ತಾನೇ ಕಟ್ಟಿದ್ದ ಚಪಾತಿಯನ್ನೂ ಹುರುಳಿಕಾಳಿನ ಪಲ್ಯವನ್ನೂ ತಿಂದಳು. ಒಂದು ಚೂರೂ ಬಿಡಲಿಲ್ಲ. ಆಮೇಲೆ ಡಬ್ಬಿ ತೊಳೆದು ಬೋರಲು ಹಾಕಿ, ಸೆರಗಿನಿಂದ ಬಾಯೊರೆಸಿಕೊಂಡು, ಹೊರಗೆ ಬಂದು ಹೆಂಗಸರ ನಡುವೆ ಕೂತು ಅಳತೊಡಗಿದಳು.

ಒಂಬತ್ತು ವರ್ಷ ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮೊದಮೊದಲು ನಾಚಿಕೆಯಾಗುತ್ತಿತ್ತು, ದೊಡ್ಡವಳಾದಂತೆ ನಾಚಿಕೆ ಹೋಗಿ, ಅದು ನನ್ನೊಬ್ಬಳ ಬಳಿ ಮಾತ್ರ ಇರುವ ವಸ್ತುವಿನಂತೆ ಆಗಿತ್ತು. ಕೊನೆಗೆ ಹೇಳಿದ್ದು ಒಬ್ಬನಿಗೆ.

ಅವನು ಸೀವುಡ್ಸಿನವನು. ಮಂಗಳೂರು ಮೂಲದ ಮನೆ, ತಂದೆ ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಪೋರ್ಚುಗಲ್ಲಿನಲ್ಲಿ ಜಗತ್ತಿನ ಕ್ಯಾಥೊಲಿಕ್ ಯುವಜನರೆಲ್ಲ ಸೇರುವ ಯಾತ್ರೆಗೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಚರ್ಚುಗಳಿಂದ ನಮ್ಮ ಹನ್ನೊಂದು ಮಂದಿಯನ್ನು ಆರಿಸಿದಾಗ, ಅವನನ್ನು ನಾಯಕನನ್ನಾಗಿ ಮಾಡಿದರು. ಇಂಗ್ಲಿಷ್ ಚೆನ್ನಾಗಿತ್ತು. ಗಿಟಾರ್ ಬರುತ್ತಿತ್ತು. ಮಾತಾಡುವಾಗ ಎದುರಿಗಿರುವವರ ಕಣ್ಣನ್ನೇ ನೋಡುತ್ತಿದ್ದ. ನನಗೆ ಅವನ ಮೇಲೆ ಮನಸ್ಸಿತ್ತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ನಾನೂ ಅವನಂಥವಳೇ ಆದೇನು.

ಐದಾರು ತಿಂಗಳು ಪ್ರತಿ ಭಾನುವಾರ ಠಾಣೆಯ ಚರ್ಚಿನ ಹಾಲಿನಲ್ಲಿ ತಯಾರಿ ನಡೆಯಿತು. ಯಾತ್ರೆಯಲ್ಲಿ ದಿನವೂ ಬೆಳಿಗ್ಗೆ ಒಂದೊಂದು ದೇಶದ ಯುವಕರು ತಮ್ಮ ಬದುಕಿನಲ್ಲಿ ದೇವರನ್ನು ಕಂಡ ಘಟನೆಯನ್ನು ಎಲ್ಲರ ಎದುರು ಹೇಳಬೇಕಿತ್ತು. ಅದಕ್ಕೆ ಸಾಕ್ಷ್ಯ ಹೇಳುವುದು ಎನ್ನುತ್ತಾರೆ. ನಮ್ಮಿಂದ ಯಾರು ಹೇಳುವುದು ಎಂದು ಚರ್ಚೆಯಾಗುತ್ತಿದ್ದ ದಿನಗಳಲ್ಲಿ, ಒಂದು ಸಂಜೆ ಠಾಣೆ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಾವಿಬ್ಬರೇ ನಿಂತಿದ್ದೆವು. ಅವನು ಪನ್ವೇಲ್ ಗಾಡಿಗೆ ಇಳಿಯಬೇಕು, ನಾನು ಕಲ್ಯಾಣದ ಸ್ಲೋ ಲೋಕಲ್ಲಿಗೆ. ಇಬ್ಬರೂ ಇಳಿಯಲಿಲ್ಲ. ಅಪ್ಪನ ವಿಷಯ ಕೇಳಿದ. ಹೇಳಿದೆ. ಡಬ್ಬಿಯ ವಿಷಯವನ್ನೂ ಹೇಳಿದೆ. ನಮ್ಮ ಕೆಳಗೆ ನಾಲ್ಕೈದು ಗಾಡಿ ಹೋಗಿರಬೇಕು. ಅವನ ಕಣ್ಣು ಒದ್ದೆಯಾಗಿತ್ತು.

"ಯೇ ತೂ ಬೋಲೇಗೀ ವಹಾಂ," ಎಂದ. ಇದನ್ನು ನೀನೇ ಅಲ್ಲಿ ಹೇಳಬೇಕು ಎಂದು. "ನಾನು ಫಾದರ್ ಹತ್ತಿರ ಮಾತಾಡುತ್ತೇನೆ."

ಮಾತಾಡಿದ ಕೂಡ. ನನ್ನ ಹೆಸರೇ ನಿಶ್ಚಯವಾಯಿತು. ಎರಡು ವಾರ ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದೆ. ಡಬ್ಬಿಯ ಭಾಗವನ್ನು ಅದರಲ್ಲಿ ಸೇರಿಸಿರಲಿಲ್ಲ. ಅದು ಅಮ್ಮನದು, ಅವಳಿಗೆ ಗೊತ್ತಿಲ್ಲದೆ ಸ್ಟೇಜಿನ ಮೇಲೆ ಇಡಲು ಮನಸ್ಸು ಬರಲಿಲ್ಲ. ಅವನಿಗೆ ಹೇಳಿದಾಗ ಇದು ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಅಲ್ಲಿ ನಮ್ಮನ್ನು ಒಂದು ಶಾಲೆಯಲ್ಲಿ ಇಳಿಸಿದರು. ಪುಟ್ಟ ಮಕ್ಕಳ ತರಗತಿ, ಗೋಡೆಯ ತುಂಬ ಕಾಗದದ ಮೀನುಗಳು, ನೆಲದ ಮೇಲೆ ನಮ್ಮ ಚಾಪೆ. ಸ್ನಾನಕ್ಕೆ ತಣ್ಣೀರು, ಊಟಕ್ಕೆ ಡಬ್ಬಿಯಲ್ಲಿ ಬಂದ ಮೀನು. ಬೀದಿಗಳಲ್ಲಿ ಬ್ರೆಜಿಲಿನವರು ಡೋಲು ಬಡಿಯುತ್ತಿದ್ದರು, ಪೋಲೆಂಡಿನವರು ಹೆಗಲ ಮೇಲೆ ಬಾವುಟ ಹೊದ್ದು ಹಾಡುತ್ತಿದ್ದರು. ನನ್ನ ಹಣೆಯ ಬೊಟ್ಟು ನೋಡಿ ಒಬ್ಬ ಮೆಕ್ಸಿಕೊದ ಹುಡುಗಿ ತನಗೂ ಒಂದು ಬೇಕೆಂದಳು. ಇಡೀ ಪಾಕೀಟು ಅವಳ ಗುಂಪಿಗೆ ಖಾಲಿಯಾಯಿತು. ಮೊದಲ ಎರಡು ದಿನ ಅಷ್ಟು ಸಂತೋಷವಾಗಿ ನಾನು ಹಿಂದೆಂದೂ ಇರಲಿಲ್ಲ.

ಮೂರನೆಯ ದಿನ ನಮ್ಮ ಸರದಿ. ಹಿಂದಿನ ಸಂಜೆ ಅವನು ಬಂದು, ಸಮಯ ಕಡಿಮೆ ಮಾಡಿದ್ದಾರೆ, ಒಬ್ಬೊಬ್ಬರ ಸಾಕ್ಷ್ಯ ಬೇಡವಂತೆ, ಗುಂಪಿನ ಪರವಾಗಿ ನಾನೇ ನಾಲ್ಕು ಮಾತಾಡುತ್ತೇನೆ ಎಂದ. ಬೇಜಾರಾಯಿತು, ಆದರೂ ಸರಿ ಎಂದೆ. ಗುಂಪಿನ ಪರವಾಗಿ ಎಂದರೆ ಹಾಡು, ಭಾಷೆ, ಹಬ್ಬಗಳ ಬಗ್ಗೆ ಹೇಳುತ್ತಾನೆ ಎಂದುಕೊಂಡಿದ್ದೆ.

ಚರ್ಚು ತುಂಬಿತ್ತು. ನಾನು ನಾಲ್ಕನೆಯ ಸಾಲಿನಲ್ಲಿ, ಪಕ್ಕದಲ್ಲಿ ಫಿಲಿಪೀನ್ಸಿನ ಒಬ್ಬಳು, ನನ್ನ ವಯಸ್ಸಿನವಳೇ. ಅವನು ಮೈಕಿನ ಮುಂದೆ ನಿಂತು, ಒಂದು ಕ್ಷಣ ತಲೆ ತಗ್ಗಿಸಿ, ಇಂಗ್ಲಿಷಿನಲ್ಲಿ ಶುರು ಮಾಡಿದ.

"ನನ್ನ ತಂದೆ ಲಿಫ್ಟ್ ಮೆಕ್ಯಾನಿಕ್ ಆಗಿದ್ದರು."

ಮೊದಲ ಸಾಲು ಕೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ಇವನ ತಂದೆ ಹಡಗಿನವರಲ್ಲವೇ ಎಂದುಕೊಂಡೆ. ಆಮೇಲೆ ಗಾಡಿ ಬಂತು, ಗರ್ದಿ ಬಂತು, ಬಾಗಿಲು ಬಂತು. ಪೊಲೀಸರು ಕೊಟ್ಟ ಚೀಲ ಬಂತು. ನನ್ನ ಅಮ್ಮ ಅವನ ಅಮ್ಮನಾಗಿ ಅಡುಗೆಮನೆಯಲ್ಲಿ ನಿಂತಳು. ಅವಳು ಮೊಣಕಾಲೂರಿ, ಕಣ್ಣೀರಿನೊಡನೆ, ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಕೊಡುವ ಪರಮಪ್ರಸಾದವನ್ನು ಸ್ವೀಕರಿಸುವಂತೆ ಆ ಕೊನೆಯ ರೊಟ್ಟಿಯನ್ನು ಸ್ವೀಕರಿಸಿದಳು ಎಂದ. ಅಂದಿನಿಂದ ಪ್ರತಿ ಬಲಿಪೂಜೆಯಲ್ಲೂ ನನಗೆ ಅಮ್ಮನ ಕೈಯೇ ಕಾಣುತ್ತದೆ ಎಂದ. ಚರ್ಚಿನಲ್ಲಿ ಮೂಗು ಸೀಟುವ ಸದ್ದು. ಪಕ್ಕದವಳು ಫೋನಿನಲ್ಲಿ ಚಿತ್ರೀಕರಿಸುತ್ತಲೇ ಇನ್ನೊಂದು ಕೈಯಿಂದ ನನ್ನ ಕೈ ಹಿಡಿದು ಬಿಗಿಯಾಗಿ ಒತ್ತಿದಳು. "ನಿನ್ನ ಸ್ನೇಹಿತ ಎಷ್ಟು ಧೈರ್ಯದವನು," ಎಂದಳು.

ನಾನು ಎದ್ದು ನಿಂತು ಕೂಗಬೇಕಿತ್ತು. ಕೂಗಲಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದಾಗ ನಾನೂ ಎದ್ದೆ, ಕೂತರೆ ವಿಚಿತ್ರವಾಗಿ ಕಾಣುತ್ತದೆಂದು.

ಹೊರಗೆ, ಚರ್ಚಿನ ಮೆಟ್ಟಿಲ ಮೇಲೆ ಅವನನ್ನು ಹಿಡಿದೆ. ಕೊರಿಯದವರು, ಐರಿಷ್ ಹುಡುಗರು ಒಬ್ಬೊಬ್ಬರಾಗಿ ಬಂದು ಅವನನ್ನು ತಬ್ಬುತ್ತಿದ್ದರು. ಅವರು ಮುಗಿಯುವವರೆಗೆ ಕಾದು, "ಅದು ನನ್ನ ಅಪ್ಪ," ಎಂದೆ.

"ಅರೇ, ಸಿಟ್ಟಾಗಬೇಡ ಯಾರ್," ಎಂದ ಹಿಂದಿಯಲ್ಲಿ. "ತೂ ಬೋಲ್ ಪಾತೀ ಕ್ಯಾ? ರೋ ದೇತೀ." ನಿನಗೆ ಹೇಳಲು ಆಗುತ್ತಿತ್ತಾ, ಅತ್ತುಬಿಡುತ್ತಿದ್ದೆ. "ಬೇರೊಬ್ಬರ ಕಥೆ ಎಂದರೆ ಜನರಿಗೆ ತಟ್ಟುವುದಿಲ್ಲ. ನೋಡಿದೆಯಲ್ಲ, ಎಷ್ಟು ಮಂದಿ ಅತ್ತರು! ದೇವರ ಕೆಲಸ ಆಯಿತು. ಯಾರ ಬಾಯಿಂದ ಎಂಬುದು ಮುಖ್ಯವಾ?"

"ನಿನ್ನ ಅಪ್ಪ ಬದುಕಿದ್ದಾರೆ."

"ಇಲ್ಲಿ ಯಾರಿಗೆ ಗೊತ್ತು?" ಎಂದು ನಕ್ಕ. ಆ ನಗುವಿನಲ್ಲಿ ಕೆಟ್ಟತನ ಇರಲಿಲ್ಲ. ನಾನೂ ಜೊತೆಗೆ ನಗುತ್ತೇನೆಂದು ನಿಜಕ್ಕೂ ನಂಬಿದ್ದ. ಅದನ್ನೇ ನನಗೆ ಕ್ಷಮಿಸಲಾಗಲಿಲ್ಲ.

ನಮ್ಮ ಜೊತೆ ಬಂದಿದ್ದ ಫಾದರ್ ಹತ್ತಿರ ಹೋದೆ. ಒಳ್ಳೆಯವರು, ಜಗಳಕ್ಕೆ ಹೆದರುವವರು. ತಪ್ಪಾಗಿದೆ, ಊರಿಗೆ ಹೋದ ಮೇಲೆ ಮಾತಾಡೋಣ, ಈಗ ಯಾತ್ರೆ ಕೆಡಿಸುವುದು ಬೇಡ, ಈ ನೋವನ್ನು ಪ್ರಭುವಿಗೆ ಅರ್ಪಿಸು ಎಂದರು. ಅರ್ಪಿಸಲಿಲ್ಲ. ಇಟ್ಟುಕೊಂಡೆ. ಆ ದಿನದಿಂದ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ತುಟಿ ಮುಚ್ಚಿಕೊಳ್ಳುತ್ತಿದ್ದೆ.

ಫಿಲಿಪೀನ್ಸಿನವಳಿಂದ ವೀಡಿಯೊ ತರಿಸಿಕೊಂಡೆ. ನೆನಪಿಗೆ ಬೇಕು ಎಂದೆ, ಅವಳು ಸಂತೋಷದಿಂದ ಕಳಿಸಿದಳು. ಐರೋಳಿಯ ಒಂದು ಕಂಪನಿಯಲ್ಲಿ ಟ್ರೈನಿಂಗ್ ವೀಡಿಯೊಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಉದ್ಯೋಗ. ಯಾವ ತುಣುಕನ್ನು ಎಲ್ಲಿ ಇಟ್ಟರೆ ಯಾರಿಗೆ ತಾಗುತ್ತದೆ ಎಂಬುದು ನನಗೆ ಗೊತ್ತು.

ಕೊನೆಯ ಬಲಿಪೂಜೆ ನದಿಯ ದಡದ ಒಂದು ದೊಡ್ಡ ಬಯಲಿನಲ್ಲಿ. ಹಿಂದಿನ ಮಧ್ಯಾಹ್ನ ಅಲ್ಲಿಗೆ ನಡೆದೇ ಹೋಗಬೇಕಿತ್ತು. ಸುಡುಬಿಸಿಲು. ಅರ್ಧ ದಾರಿಯಲ್ಲಿ ಅವನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಹಚ್ಚಿಕೊಳ್ಳಲು ಪಟ್ಟಿ ಇದೆಯಾ ಎಂದು ಒಬ್ಬೊಬ್ಬರನ್ನೇ ಕೇಳುತ್ತ ನನ್ನ ಹತ್ತಿರವೂ ಬಂದ. ನನ್ನ ಚೀಲದಲ್ಲಿ ಅಮ್ಮ ಇಟ್ಟಿದ್ದ ಇಡೀ ಪಟ್ಟಿಯ ಡಬ್ಬ ಇತ್ತು. ಇಲ್ಲ ಎಂದೆ. ಆಮೇಲೆ ಅವನ ಹಿಂದೆಯೇ ನಡೆದೆ. ಅವನ ಕಾಲುಚೀಲ ನಿಧಾನವಾಗಿ ಕೆಂಪಾಗುವುದನ್ನು ನೋಡುತ್ತ ನಡೆದ ಆ ದಾರಿಯಲ್ಲಿ ನನಗೆ ಬಿಸಿಲೂ ತಾಗಲಿಲ್ಲ, ಬಾಯಾರಿಕೆಯೂ ಆಗಲಿಲ್ಲ.

ಆದರೂ ಆ ಸಂಜೆ ಪಾಪನಿವೇದನೆಗೆ ಹೋದೆ. ಬಯಲಿನ ಪಕ್ಕದ ಉದ್ಯಾನವೊಂದರಲ್ಲಿ ಮರದ ಗೂಡುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಮೇಲೆ ಭಾಷೆಯ ಫಲಕ ಹಾಕಿದ್ದರು. ಇಂಗ್ಲಿಷಿನ ಗೂಡಿನಲ್ಲಿ ಒಬ್ಬ ಮುದಿ ಗುರುಗಳು, ಕಿವಿ ಮಂದ. ಎಲ್ಲ ಹೇಳಿದೆ. ಪಟ್ಟಿ ಇದ್ದೂ ಇಲ್ಲವೆಂದದ್ದನ್ನೂ ಹೇಳಿದೆ. ಕೊನೆಗೆ, "ಇನ್ನೂ ಒಂದಿದೆ, ಅದನ್ನು ಇನ್ನೂ ಮಾಡಿಲ್ಲ," ಎಂದೆ.

"ಮಾಡದ ಪಾಪಕ್ಕೆ ಕ್ಷಮೆ ಯಾಕೆ ಮಗು?"

"ಊರಿಗೆ ಹೋಗಿ ಮಾಡುತ್ತೇನೆ."

ಅವರು ಕಿವಿಯನ್ನು ಇನ್ನಷ್ಟು ಹತ್ತಿರ ತಂದರು. "ಮಾಡದಿರುವ ಮನಸ್ಸು ಇದೆಯಾ?"

"ಇಲ್ಲ."

"ಹಾಗಾದರೆ ನನ್ನ ಕೈ ಕಟ್ಟಿಹಾಕಿದೆ," ಎಂದರು, ಬೈಯುವ ದನಿಯಲ್ಲೇನೂ ಅಲ್ಲ. ಕ್ಷಮೆಯ ಬದಲು ತಲೆಯ ಮೇಲೆ ಕೈಯಿಟ್ಟು ಬರೀ ಆಶೀರ್ವಾದ ಮಾಡಿ ಕಳಿಸಿದರು. ಮರುದಿನ ಆ ಬಯಲಿನಲ್ಲಿ ಲಕ್ಷಾಂತರ ಮಂದಿ ಪರಮಪ್ರಸಾದ ಸ್ವೀಕರಿಸುವಾಗ ಕ್ಷಮೆ ಸಿಗದ ನಾನು ಚಾಪೆಯ ಮೇಲೆಯೇ ಕೂತಿದ್ದೆ. ಅವನು ಕುಂಟುತ್ತ ಹೋಗಿ ಸ್ವೀಕರಿಸಿ, ಕುಂಟುತ್ತ ಬಂದು, ಕಣ್ಣು ಮುಚ್ಚಿ ಕೂತ.

ಊರಿಗೆ ಮರಳಿ ಎರಡು ತಿಂಗಳಾದ ಮೇಲೆ ನೇರುಳಿನ ಚರ್ಚಿನ ಹಾಲಿನಲ್ಲಿ ಭಾನುವಾರ ಸಂಜೆ ಕೃತಜ್ಞತೆಯ ಕಾರ್ಯಕ್ರಮ ಇಟ್ಟರು. ಹನ್ನೊಂದೂ ಮನೆಯವರು, ದೇಣಿಗೆ ಕೊಟ್ಟವರು, ಗುರುಗಳು. ಫೋಟೋ, ವೀಡಿಯೊ ಸೇರಿಸಿ ತೋರಿಸುವ ಕೆಲಸ ಯಾರಿಗೆ ಎಂದಾಗ ನಾನೇ ಕೈ ಎತ್ತಿದೆ. ಊರಿಗೆ ಬಂದ ಮೇಲೆ ಮಾತಾಡೋಣ ಎಂದಿದ್ದ ಫಾದರ್ ಆ ಮಾತನ್ನೇ ಎತ್ತಿರಲಿಲ್ಲ; ನನ್ನ ಉತ್ಸಾಹ ಕಂಡು ಅವರಿಗೆ ನಿರಾಳವಾಯಿತು. ಅವನಿಗೂ. "ಗುಡ್, ನೀನು ಮೂವ್ ಆನ್ ಆಗಿದ್ದೀಯ," ಎಂದು ಮೆಸೇಜ್ ಮಾಡಿದ.

ಅಮ್ಮನನ್ನು ಕರೆದುಕೊಂಡು ಹೋದೆ. ಅವಳಿಗೆ ಏನನ್ನೂ ಹೇಳಿರಲಿಲ್ಲ. ಸೇಡಿನಲ್ಲಿ ನನಗೆ ಅವಳೂ ಬೇಕಾಗಿದ್ದಳು: ನಿಜವಾದ ವಿಧವೆ ಅಲ್ಲಿ ಕೂತಿರಬೇಕು, ಅವನು ಅವಳನ್ನು ನೋಡಬೇಕು. ಅಲ್ಲಿಯವರೆಗೆ ಮಾತ್ರ ಯೋಚಿಸಿದ್ದೆ. ಡಬ್ಬಿ ಬರುವ ವೀಡಿಯೊದ ಎರಡನೆಯ ಅರ್ಧವನ್ನು ಕತ್ತರಿಸಬಹುದಿತ್ತು, ಕತ್ತರಿಸುವವಳೇ ನಾನು. ಆದರೆ ಆ ಪರಮಪ್ರಸಾದದ ಮಾತು ಬಿಟ್ಟರೆ ಅವನ ನಾಟಕ ಪೂರ್ತಿ ಕಾಣುವುದಿಲ್ಲವೆಂದು ಉಳಿಸಿಕೊಂಡೆ.

ಹಾಲಿನಲ್ಲಿ ಅವನ ತಂದೆ ತಾಯಿ ಮುಂದಿನ ಸಾಲಿನಲ್ಲಿ. ತಂದೆ ಎತ್ತರದ ಮನುಷ್ಯ, ಬಿಳಿ ಅಂಗಿ, ಮಂಡಿನೋವಿಗೆ ಕೋಲು. ಅಮ್ಮ ಐದನೆಯ ಸಾಲಿನಲ್ಲಿ. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತಿದ್ದೆ. ಬಾವುಟಗಳು ಬಂದವು, ಕಾಗದದ ಮೀನಿನ ಗೋಡೆ ಬಂತು, ಬೊಟ್ಟಿಟ್ಟ ಮೆಕ್ಸಿಕೊ ಹುಡುಗಿಯರು ಬಂದಾಗ ಎಲ್ಲರೂ ನಕ್ಕರು. ಆಮೇಲೆ ಅವನು ಬಂದ.

"ನನ್ನ ತಂದೆ ಲಿಫ್ಟ್ ಮೆಕ್ಯಾನಿಕ್ ಆಗಿದ್ದರು."

ಬಾಗಿಲ ಬಳಿ ನಿಂತಿದ್ದ ಅವನ ಮುಖವನ್ನು ನಾನು ನೋಡಿದೆ. ಅದಕ್ಕಾಗಿಯೇ ಎರಡು ತಿಂಗಳು ಕಾದಿದ್ದೆ. ರಕ್ತ ಇಳಿಯುವುದು ಎಂದರೇನು ಎಂದು ಅಂದು ಕಣ್ಣಾರೆ ಕಂಡೆ. ನನ್ನ ಕಡೆಗೆ ಎರಡು ಹೆಜ್ಜೆ ಬಂದ, ನಿಲ್ಲಿಸು ಎಂದು ಕೈಸನ್ನೆ ಮಾಡಿದ. ನಾನು ಧ್ವನಿ ಹೆಚ್ಚಿಸಿದೆ.

ಪರದೆಯ ಮೇಲೆ ಅವನ ತಂದೆ ರೈಲಿನಿಂದ ಬಿದ್ದು ಸತ್ತರು. ಮುಂದಿನ ಸಾಲಿನಲ್ಲಿ ಅವರು ಮೊದಲು ಹೆಂಡತಿಯ ಮುಖ ನೋಡಿದರು. ಕಿವಿ ತಪ್ಪು ಕೇಳಿತೇನೋ ಎಂಬಂತೆ ಮುಂದಕ್ಕೆ ಬಾಗಿದರು. ಆಮೇಲೆ ಕೋಲೂರಿ ಎದ್ದು, ಹಿಂದೆ ತಿರುಗಿ, ಆ ಗದ್ದಲದ ನಡುವೆ ಮಗನನ್ನು ಹುಡುಕಿ, ಕೊಂಕಣಿಯಲ್ಲಿ ಕೇಳಿದರು:

"ನಾನು ಸತ್ತದ್ದು ಯಾವಾಗ ಮಾರಾಯ?"

ಕೆಲವರು ನಕ್ಕರು. ನಗು ತಕ್ಷಣ ನಿಂತಿತು. ಅವನ ತಾಯಿ ಶಿಲುಬೆಯ ಗುರುತು ಹಾಕಿಕೊಂಡು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಎದೆ ಸಂತೋಷದಿಂದ ಹೊಡೆದುಕೊಳ್ಳುತ್ತಿತ್ತು. ಆಗ ಪರದೆಯ ಮೇಲೆ ಡಬ್ಬಿ ಬಂತು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೆ ರೈಲು, ಪೊಲೀಸ್, ಟಿಫಿನ್, ಕಿಚನ್, ರೋಟಿ ಇವು ಯಾರಿಗೆ ಅರ್ಥವಾಗುವುದಿಲ್ಲ? ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು.

ನೇರುಳಿನಿಂದ ಠಾಣೆಯ ಗಾಡಿಯಲ್ಲಿ ನಾವಿಬ್ಬರೂ ಎದುರುಬದುರು ಕೂತಿದ್ದೆವು. ಘಣಸೋಲಿ ದಾಟಿದ ಮೇಲೆ ಅವಳು ಕೇಳಿದಳು.

"ನೀನು ಅವತ್ತು ನೋಡಿದ್ಯಾ?"

"ನೋಡಿದೆ."

"ಬಾಗ್ಲು ಹಾಕಿದ್ದೆ ನಾನು."

"ಸಂದಿ ಇತ್ತಮ್ಮ."

"ಅವ್ನಿಗೆ ಹೇಳ್ದೋರು ಯಾರು?"

"ನಾನೇ."

ಅಮ್ಮ ಕಿಟಕಿಯಾಚೆ ನೋಡಿದಳು. "ಹಂಗಾದ್ರೆ ಮೊದ್ಲು ಕದ್ದವ್ಳು ನೀನು," ಎಂದಳು. ಆ ವಾರವಿಡೀ ಅವಳು ನನ್ನೊಡನೆ ಊಟ, ಬಾಡಿಗೆ, ನೀರು ಬಂತು, ಇಷ್ಟು ಬಿಟ್ಟು ಬೇರೆ ಮಾತಾಡಲಿಲ್ಲ. ಹೊಲಿಗೆ ಯಂತ್ರದ ಸದ್ದು ಮಾತ್ರ ಜೋರಾಗಿತ್ತು.

ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಅವನ ತಂದೆ. ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ; ಮಂಡಿನೋವಿನಲ್ಲಿ ಮೂರು ಮಹಡಿ ಹತ್ತಿ ಬೆವತಿದ್ದರು. ಅಮ್ಮ ನೀರು ಕೊಟ್ಟಳು. ಅವರು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು:

"ಎಂತ ಹೇಳುದು ಬಾಯಮ್ಮ ನಿಮ್ಮತ್ರ. ನಾನು ಮೂವತ್ತು ವರ್ಷ ಹಡಗಲ್ಲಿ ಇದ್ದವ. ಮನೆಯಲ್ಲಿ ಇದ್ದದ್ದು ಕಡಿಮೆ. ಅವನಿಗೆ ನಾನು ಸತ್ತ ಹಾಗೆಯೇ ಇದ್ದೆನೋ ಏನೋ. ಆದ್ರೆ ನಿಮ್ಮ ಗಂಡನ ವಿಷಯ ತೆಗೆದದ್ದು ದೊಡ್ಡ ತಪ್ಪು. ನಾನು ಕ್ಷಮೆ ಕೇಳ್ಳಿಕ್ಕೆ ಬಂದದ್ದು."

"ತಪ್ಪು ನಿಮ್ದಲ್ಲ," ಎಂದಳು ಅಮ್ಮ. "ನಿಮ್ಮ ಕ್ಷಮೆ ನಂಗೆ ಬ್ಯಾಡ. ಮಗನ್ನ ಕರ್ಕೊಂಡು ಬನ್ನಿ."

ಮರುವಾರ ಇಬ್ಬರೂ ಬಂದರು. ಅವನು ಬಾಗಿಲಲ್ಲೇ, "ಆಂಟಿ, ಐ ಆ್ಯಮ್ ರಿಯಲಿ ಸಾರಿ," ಎಂದು ಶುರು ಮಾಡಿದ. ಅಮ್ಮ ಕೈ ಅಡ್ಡ ತೋರಿಸಿ, ಹೊಲಿಗೆ ಯಂತ್ರದ ಎದುರಿನ ಸ್ಟೂಲಿನ ಮೇಲೆ ಕೂರಿಸಿದಳು. ಅಮ್ಮನಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಮಾರ್ಕೆಟ್ಟಿನಲ್ಲಿ ಜಗಳವಾಡುವಷ್ಟು ಮರಾಠಿಯೂ ಬರುತ್ತದೆ. ಅಂದು ಬೇಕೆಂದೇ ಕನ್ನಡ ಮಾತಾಡಿದಳು. ಅವನಿಗೆ ಕನ್ನಡ ಬಾರದು. ಹೀಗಾಗಿ ಅವಳ ಪ್ರತಿ ಪ್ರಶ್ನೆಯನ್ನೂ ಅವನ ತಂದೆಯೇ ಕೊಂಕಣಿಯಲ್ಲಿ ಮಗನಿಗೆ ಕೇಳಬೇಕಾಯಿತು, ಅವನ ಉತ್ತರವನ್ನು ಅವರೇ ತಿರುಗಿ ಕನ್ನಡದಲ್ಲಿ ಹೇಳಬೇಕಾಯಿತು.

"ಅಲ್ಲಿ ಹೇಳಿದ್ನಲ್ಲ, ಅದನ್ನ ಇಲ್ಲಿ ಹೇಳಕ್ಕೇಳಿ. ಮೊದ್ಲಿಂದ."

ಅವನು ಹೇಳತೊಡಗಿದ. ಸಂಜೆ ಚೀಲ ಬಂತು ಎಂದ. "ಮಧ್ಯಾಹ್ನ," ಎಂದಳು. ಅವರು ಅನುವಾದಿಸಿದರು. ರೊಟ್ಟಿ ಎಂದ. "ಚಪಾತಿ. ನಾಕು. ಹುರುಳಿಕಾಳು ಪಲ್ಯ. ಹೇಳ್ಸಿ." ಅವನು ಹುರುಳಿಕಾಳು ಎಂಬ ಪದವನ್ನು ಎರಡು ಸಲ ತಡವರಿಸಿ ಹೇಳಿದ. ಮೊಣಕಾಲೂರಿದರು ಎಂದಾಗ ಅಮ್ಮ ಯಂತ್ರದ ಮೇಲಿನ ಕತ್ತರಿಯನ್ನು ಪಕ್ಕಕ್ಕೆ ಸರಿಸಿ, "ನಿಂತಿದ್ದೆ. ನಮ್ಮಡುಗೆಮನೇಲಿ ಮೊಣಕಾಲೂರಕ್ಕೆ ಜಾಗ ಎಲ್ಲೈತೆ, ನೋಡ್ಕೊಂಡು ಬರ್ಲಿ," ಎಂದಳು. ಅವನು ಎದ್ದು ಹೋಗಿ ನೋಡಿದ. ನಿಜವಾಗಿಯೂ ಕಳಿಸಿ ನೋಡಿಸಿದಳು. ವಾಪಸು ಬಂದು ಕೂತಾಗ ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಆಮೇಲೆ?"

ಅವನ ದನಿ ಕೆಳಗಿಳಿದಿತ್ತು. ಪರಮಪ್ರಸಾದ ಸ್ವೀಕರಿಸುವ ಹಾಗೆ ತಿಂದರು ಎಂದ. ಅವನ ತಂದೆಗೆ ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಎರಡು ಸಲ ಕೆಮ್ಮಿ, ಕೊನೆಗೆ ಹೇಳಿದರು.

ಅಮ್ಮ ಅವನ ಮುಖವನ್ನೇ ನೋಡಿದಳು. "ನಂಗೆ ಹಸಿವಾಗಿತ್ತು," ಎಂದಳು. "ಬೆಳಗಿಂದ ಏನೂ ತಿಂದಿರ್ಲಿಲ್ಲ. ಸ್ಟೇಷನ್ನು, ಆಸ್ಪತ್ರೆ ಅಂತ ಅಲೆದಿದ್ದೆ. ಮನೇಲಿ ಬ್ಯಾರೆ ಏನೂ ಮಾಡಿರ್ಲಿಲ್ಲ. ಹಸಿವಾಗಿತ್ತು, ತಿಂದೆ. ಅವತ್ತು ದೇವ್ರು ನೆನಪಿಗೆ ಬರ್ಲಿಲ್ಲ. ಇದನ್ನ ಅವ್ನಿಗೆ ಹೇಳಿ."

ತಂದೆ ಹೇಳಿದರು. ಅವನು ತಲೆ ಎತ್ತಲಿಲ್ಲ. ನನಗೆ ಪೋರ್ಚುಗಲ್ಲಿನಲ್ಲಿ ಎದ್ದು ಚಪ್ಪಾಳೆ ತಟ್ಟಿದ ಆ ಇಡೀ ಚರ್ಚನ್ನು ಈ ಕೋಣೆಗೆ ತಂದು ನಿಲ್ಲಿಸಬೇಕೆನಿಸಿತು. ಹಾಲಿನಲ್ಲಿ ನಾನು ಮಾಡಿದ್ದು ಇದರ ಮುಂದೆ ಮಕ್ಕಳಾಟ.

ಆಮೇಲೆ ಅಮ್ಮ ಚಹಾ ಮಾಡಿಕೊಟ್ಟಳು. ಇಬ್ಬರೂ ಕುಡಿದರು. ನಿಜ ಏನೆಂದು ಗುಂಪಿನ ಎಲ್ಲರಿಗೂ ಬರೆದು ತಿಳಿಸಬೇಕು ಎಂದಳು. ಅವನು ಬರೆದ, ಇಂಗ್ಲಿಷಿನಲ್ಲಿ ಮೂರು ಸಾಲು: ಭಾವಾವೇಶದಲ್ಲಿ ಸ್ನೇಹಿತೆಯ ಅನುಭವವನ್ನು ತನ್ನದೆಂಬಂತೆ ಹೇಳಿದ್ದಾಗಿ, ಯಾರಿಗಾದರೂ ನೋವಾಗಿದ್ದರೆ ವಿಷಾದವೆಂದು. ಯಾರಿಗಾದರೂ! ಫಿಲಿಪೀನ್ಸಿನವಳಿಗೆ ನಾನೇ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: "ಹಾಗಾದರೆ ನಾನು ಕೈ ಹಿಡಿದದ್ದು ಸರಿಯಾದವಳದ್ದೇ." ಅದನ್ನು ಓದಿ, ಆ ಯಾತ್ರೆಯ ಬಗ್ಗೆ ಮೊದಲ ಸಲ ಅತ್ತೆ.

ಯುವಜನರ ಗುಂಪಿನ ಹೊಣೆಯಿಂದ ಅವನನ್ನು ತೆಗೆದರು. ಅವನ ತಂದೆ ತಿಂಗಳುಗಟ್ಟಲೆ ಮಗನೊಡನೆ ಮಾತು ಬಿಟ್ಟಿದ್ದರೆಂದೂ, ತಾಯಿ ಗಾಯನವೃಂದಕ್ಕೆ ಹೋಗುವುದನ್ನು ನಿಲ್ಲಿಸಿದರೆಂದೂ ಕೇಳಿದೆ. ಆ ಇಬ್ಬರು ಹಿರಿಯರನ್ನು ನಾನು ಅಷ್ಟು ಜನರ ನಡುವೆ ಕೂರಿಸಿ ಹೊಡೆದೆ. ಅದಕ್ಕೆ ನನಗೆ ದುಃಖವಿದೆ. ಡಬ್ಬಿಯ ವಿಷಯ ಹೇಳಿದ್ದಕ್ಕೆ ಅಮ್ಮನ ಮುಂದೆ ಒಂದು ದಿನ ಅತ್ತು ತಪ್ಪೊಪ್ಪಿಕೊಂಡೆ. ಅವಳು, "ಹೋಗ್ಲಿ ಬಿಡು, ನೀನೂ ಚಿಕ್ಕವಳಿದ್ದೆ, ಯಾರಿಗಾದ್ರೂ ಹೇಳ್ಬೇಕಿತ್ತು," ಎಂದಳು. ಆದರೆ ಅವನ ವಿಷಯದಲ್ಲಿ ನನ್ನೊಳಗೆ ಏನೂ ಕರಗಿಲ್ಲ. ಈಗಲೂ ಕನಸಿನಲ್ಲಿ ಆ ಚರ್ಚಿನಲ್ಲಿ ಎದ್ದು ನಿಲ್ಲುತ್ತೇನೆ, ಕೂಗುತ್ತೇನೆ.

ಹೋದ ಚಳಿಗಾಲದಲ್ಲಿ ಅವನ ಮದುವೆಯಾಯಿತು. ಅವನ ತಂದೆ ಅಮ್ಮನಿಗೆ ಬೇರೆಯಾಗಿಯೇ ಕಾಗದ ಕಳಿಸಿದ್ದರು. ನಾನು ಹೋಗುವುದಿಲ್ಲ ಎಂದೆ. ಅಮ್ಮ ತನ್ನ ಹಸಿರು ರೇಷ್ಮೆ ಸೀರೆ ತೆಗೆದು, ಹೊಸ ರವಿಕೆ ಹೊಲಿದುಕೊಂಡು, ಒಬ್ಬಳೇ ಸೀವುಡ್ಸಿಗೆ ಹೋಗಿ ಬಂದಳು. ಬಂದವಳು ಚಪ್ಪಲಿ ಬಿಡುತ್ತ, ಊಟ ಬೋ ಚೆನ್ನಾಗಿತ್ತು, ಹುಡುಗಿ ಲಕ್ಷಣವಾಗಿದ್ದಾಳೆ ಎಂದೆಲ್ಲ ಹೇಳಿದಳು. ನನಗೆ ಅದು ಬೇಕಿರಲಿಲ್ಲ.

"ಅವನು ನಿನ್ನ ನೋಡಿದ್ನಾ?"

"ಸ್ಟೇಜ್ ಹತ್ದೆನಲ್ಲ, ನೋಡ್ದೆ ಇರ್ತಾನಾ? ಬೆಳ್ಳಗಾಗೋದ."

"ನೀನು ಏನಾದ್ರೂ ಅಂದ್ಯಾ?"

"ಏನೂ ಅನ್ಲಿಲ್ಲ. ದೇವ್ರು ಒಳ್ಳೇದು ಮಾಡ್ಲಿ ಅಂತ ಕೈ ಹಿಡ್ಕೊಂಡೆ."

"ಅಷ್ಟೇನಾ?"

ಅಮ್ಮ ಸೀರೆಯ ಪಿನ್ನು ಬಿಚ್ಚಿ ತುಟಿಗಳ ನಡುವೆ ಕಚ್ಚಿಕೊಂಡಿದ್ದಳು. ಅದನ್ನು ತೆಗೆದು ಹೇಳಿದಳು:

"ಬಿಡ್ಲಿಲ್ಲ. ಹಿಂದ್ಗಡೆ ಸಾಲು ನಿಂತಿತ್ತು. ಫೋಟೋದವ್ನು 'ಆಂಟಿ, ಆಗೇ ಚಲೋ', ಮುಂದೆ ನಡೀರಿ, ಅಂತ ಮೂರು ಸಲ ಹೇಳೋವರ್ಗೂ ಅವ್ನ ಕಣ್ಣೇ ನೋಡ್ಕೊಂಡು ನಿಂತಿದ್ದೆ."